ಪ್ರಶ್ನೋತ್ತರ: ಬಿಕಿನಿಯ ತೆಂಗು, ರೂನಿಟ್‌ನ ಗುಮ್ಮಟ ಮತ್ತು ನಮ್ಮ ಕೊಳವೆಬಾವಿ

ಅಮೆರಿಕವು 1946ರಿಂದ 1958ರವರೆಗೆ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ, ಮುಖ್ಯವಾಗಿ ಬಿಕಿನಿ ಮತ್ತು ಎನೆವೆಟಾಕ್ ಎಂಬೆಡೆ, ನಡೆಸಿದ 67 ಅಣುಪರೀಕ್ಷೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದ್ದೆವು. ಅದಕ್ಕೆ ತುಮಕೂರು, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಂಬಿನ ಬಗ್ಗೆ ಕೇಳದೆ ಮಣ್ಣು ಮತ್ತು ನೀರಿನ ಬಗ್ಗೆಯೇ ಕೇಳಿವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಬಿಕಿನಿ ದ್ವೀಪದಲ್ಲಿ ಓಡಾಡಿದರೆ ಅಪಾಯವಿಲ್ಲ, ಆದರೆ ಅಲ್ಲಿ ಬೆಳೆದ ತೆಂಗಿನಕಾಯಿಯನ್ನೇ ನಂಬಿ ಬದುಕುವಂತಿಲ್ಲ ಎಂದು ಬರೆದಿದ್ದೀರಿ. ಎಪ್ಪತ್ತು ವರ್ಷ ಮಳೆ ಸುರಿದ ಮೇಲೂ ವಿಷ ಮಣ್ಣಿನಲ್ಲಿ ಹೇಗೆ ಉಳಿಯುತ್ತದೆ? ಅದು ಕಾಯಿಯೊಳಕ್ಕೇ ಏಕೆ ಸೇರುತ್ತದೆ?
— ತೆಂಗು ಬೆಳೆಗಾರರೊಬ್ಬರು, ತಿಪಟೂರು

ಉತ್ತರದ ಅರ್ಧ ಭಾಗ ತಮಗೆ ಗೊಬ್ಬರದ ಅಂಗಡಿಯಲ್ಲಿಯೇ ಪರಿಚಯವಾಗಿದೆ. ತೆಂಗಿಗೆ ಪೊಟ್ಯಾಷ್ ಎಷ್ಟು ಮುಖ್ಯವೆಂಬುದನ್ನು ತಿಪಟೂರಿನವರಿಗೆ ಹೇಳಬೇಕಾಗಿಲ್ಲ. ಅಣುಸ್ಫೋಟದಲ್ಲಿ ಹುಟ್ಟುವ ನೂರಾರು ವಿಕಿರಣಶೀಲ ವಸ್ತುಗಳಲ್ಲಿ ದೀರ್ಘಕಾಲ ಕಾಡುವ ಸೀಸಿಯಂ-137 ಎಂಬುದು ಈ ಪೊಟ್ಯಾಷಿಯಂನ ದಾಯಾದಿ. ಇಬ್ಬರ ರಾಸಾಯನಿಕ ಗುಣವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಬೇರಿಗೆ ಇವರಿಬ್ಬರ ನಡುವೆ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಮಣ್ಣಿನಲ್ಲಿ ಪೊಟ್ಯಾಷಿಯಂ ಸಾಕಷ್ಟಿದ್ದರೆ ಮರವು ಅದನ್ನೇ ಹೀರಿಕೊಳ್ಳುತ್ತದೆ, ಕೊರತೆಯಿದ್ದರೆ ಸಿಕ್ಕಿದ ಸೀಸಿಯಂ ಅನ್ನು ಒಳಗೆ ಬಿಟ್ಟುಕೊಂಡು ಎಳನೀರಿಗೂ ತಿರುಳಿಗೂ ಸೇರಿಸುತ್ತದೆ.

ಇನ್ನರ್ಧ ಉತ್ತರ ಮಣ್ಣಿನಲ್ಲಿದೆ. ನಮ್ಮ ಕೆಂಪು ಮಣ್ಣು ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸವೆದು ಆದದ್ದು. ಅದರಲ್ಲಿಯೂ, ಹೊಲಕ್ಕೆ ಹೊಡೆಸುವ ಕೆರೆಗೋಡಿನಲ್ಲಿಯೂ, ಜೇಡಿಯ ಜೊತೆಗೆ ಬಿಸಿಲಿಗೆ ಮಿನುಗುವ ಕಾಗೆಬಂಗಾರದ ಚೂರುಗಳಿರುವುದನ್ನು ತಾವು ನೋಡಿರುತ್ತೀರಿ. ಈ ಬಗೆಯ ಖನಿಜಗಳು ಕಾಗದದ ಹಾಳೆಗಳಷ್ಟು ತೆಳುವಾದ ಪದರಗಳಿಂದಾಗಿದ್ದು, ಪದರಗಳ ಅಂಚಿನ ಸಂದಿಗೆ ಸೀಸಿಯಂ ಅಯಾನು ಸಿಕ್ಕಿಕೊಂಡರೆ ಮತ್ತೆ ಸುಲಭವಾಗಿ ಹೊರಬರುವುದಿಲ್ಲ. ವಿಷ ಮಣ್ಣಿನಲ್ಲಿದ್ದರೂ ಬೇರಿನ ಕೈಗೆ ಸಿಗುವುದಿಲ್ಲ. ಬಿಕಿನಿಯಲ್ಲಾದರೋ ಗ್ರಾನೈಟ್ ಬಂಡೆಯೂ ಇಲ್ಲ, ಜೇಡಿಯೂ ಇಲ್ಲ. ಅಲ್ಲಿನ ನೆಲವೆಂದರೆ ಹವಳ ಮತ್ತು ಚಿಪ್ಪುಗಳು ಪುಡಿಯಾದ ಸುಣ್ಣದ ಮರಳು, ಅದರ ಮೇಲೆ ತರಗೆಲೆ ಕೊಳೆತು ಆದ ತೆಳುವಾದ ಕಪ್ಪು ಪದರ, ಅಷ್ಟೆ. ಪೊಟ್ಯಾಷಿಯಂ ಅಂತೂ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದೇ ಪ್ರಮಾಣದ ಸೀಸಿಯಂ ನಮ್ಮ ಕಡೆಯ ತೋಟಕ್ಕೆ ಬಿದ್ದಿದ್ದರೆ ಕಾಯಿಗೆ ಸೇರುತ್ತಿದ್ದ ಪಾಲಿಗಿಂತ ಎಷ್ಟೋ ಪಟ್ಟು ಹೆಚ್ಚು ಪಾಲು ಅಲ್ಲಿನ ಕಾಯಿಗೆ ಸೇರುತ್ತದೆ. ಸ್ಟ್ರಾನ್ಷಿಯಂ-90ರ ವಿಷಯದಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಅದು ಸುಣ್ಣದ ಅಂಶವಾದ ಕ್ಯಾಲ್ಸಿಯಂ ಅನ್ನು ಹೋಲುವ ವಸ್ತುವಾದ್ದರಿಂದ, ಸುಣ್ಣವೇ ತುಂಬಿರುವ ಹವಳದ ಮಣ್ಣಿನಲ್ಲಿ ಮರ ಅದನ್ನು ಹೀರುವುದು ಬಹಳ ಕಡಿಮೆ.

ಈ ಮರ್ಮ ಸಮಯಕ್ಕೆ ಸರಿಯಾಗಿ ತಿಳಿದಿದ್ದರೆ ಬಿಕಿನಿಯವರು ಎರಡನೆಯ ಸಲ ಊರು ಬಿಡಬೇಕಾಗಿರಲಿಲ್ಲ. 1946ರ ಮಾರ್ಚ್‌ನಲ್ಲಿ, ಮನುಕುಲದ ಒಳಿತಿಗಾಗಿ ಎಂದು ನಂಬಿಸಿ, ಅಲ್ಲಿನ 167 ಜನರನ್ನು ರೊಂಗೆರಿಕ್ ದ್ವೀಪಕ್ಕೆ ಸಾಗಿಸಲಾಯಿತು. ಅಲ್ಲಿ ಹೊಟ್ಟೆಗಿಲ್ಲದೆ ನರಳಿದವರನ್ನು 1948ರಲ್ಲಿ ಕ್ವಾಜಲಿನ್‌ಗೆ, ಅಲ್ಲಿಂದ ಕಿಲಿ ಎಂಬ ಸಣ್ಣ ದ್ವೀಪಕ್ಕೆ ಕಳುಹಿಸಲಾಯಿತು. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಬಿಕಿನಿ ಮತ್ತೆ ವಾಸಯೋಗ್ಯವೆಂದು ಪ್ರಕಟಿಸಿದರು. ಹೊಸ ತೆಂಗಿನ ಸಸಿಗಳನ್ನು ನೆಟ್ಟರು, ಮನೆ ಕಟ್ಟಿದರು, 1970ರ ದಶಕದ ಆರಂಭದಲ್ಲಿ ಕೆಲವು ಕುಟುಂಬಗಳು ಮರಳಿದವು. ಸಸಿಗಳು ಫಲ ಕೊಡತೊಡಗಿದಂತೆ ಜನರ ದೇಹದಲ್ಲಿ ಸೀಸಿಯಂ ಏರುತ್ತಲೇ ಹೋಯಿತು. 1978ರಲ್ಲಿ ಅವರನ್ನು ಮತ್ತೆ ಹೊರಡಿಸಲಾಯಿತು. ನೆಲದ ಮೇಲಿನ ವಿಕಿರಣವನ್ನು ಉಪಕರಣ ಹಿಡಿದು ಅಳೆದವರು, ಆ ನೆಲದಿಂದ ಊಟದ ತಟ್ಟೆಗೆ ಏನು ಬರುತ್ತದೆಂಬುದನ್ನು ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ನಮಗೆ ಕ್ಷಮಿಸಲು ಕಷ್ಟವೆನಿಸುವ ಲೋಪ ಇದೇ. ಆ ಜನ ಉಣ್ಣುವುದು ಏನೆಂದು ಕೇಳಿ ತಿಳಿಯಲು ಪ್ರಯೋಗಾಲಯವೇನೂ ಬೇಕಾಗಿರಲಿಲ್ಲ.

ಮಳೆಯ ಬಗ್ಗೆ ತಾವು ಕೇಳಿರುವುದು ಸರಿಯಾಗಿಯೇ ಇದೆ. ಸೀಸಿಯಂ-137 ತಾನಾಗಿ ಅರ್ಧಕ್ಕಿಳಿಯಲು 30 ವರ್ಷ ಬೇಕು. ಆದರೆ ಮಳೆ ನೀರು ಅದರಲ್ಲಿ ಒಂದು ಪಾಲನ್ನು ಬೇರಿಗಿಂತ ಕೆಳಕ್ಕೆ ಇಳಿಸಿಬಿಡುವುದರಿಂದ, ಮರಗಳಲ್ಲಿ ಅಳೆದಾಗ ಅದು ಎಂಟು-ಒಂಬತ್ತು ವರ್ಷಗಳಿಗೊಮ್ಮೆ ಅರ್ಧವಾಗುತ್ತಿರುವುದು ಕಂಡುಬಂದಿದೆ. ಹಾಗಿದ್ದರೂ 1954ರ ಮಾರ್ಚ್ 1ರಂದು ಸಿಡಿದ 'ಬ್ರಾವೊ' ಬಾಂಬಿನ ಬಲ ಅಂದಾಜಿಗಿಂತ ಎರಡು ಪಟ್ಟು ಮೀರಿ 15 ಮೆಗಾಟನ್ (ಒಂದೂವರೆ ಕೋಟಿ ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು) ಮುಟ್ಟಿದ್ದರಿಂದ, ಆರಂಭದ ಹೊರೆಯೇ ಅತಿಯಾಗಿತ್ತು. 2019ರಲ್ಲಿ ಪ್ರಕಟವಾದ ಕೊಲಂಬಿಯ ವಿಶ್ವವಿದ್ಯಾಲಯದ ಅಧ್ಯಯನದಲ್ಲಿಯೂ ಬಿಕಿನಿಯ ಕೆಲವು ಹಣ್ಣುಗಳಲ್ಲಿ ಸೀಸಿಯಂ ಪ್ರಮಾಣ ಹಲವು ದೇಶಗಳ ಆಹಾರದ ಮಿತಿಯನ್ನು ಮೀರಿತ್ತು.

ಹಾಗಾದರೆ ಆ ಮೇಲ್ಮಣ್ಣನ್ನು ಜೆಸಿಬಿಯಿಂದ ಕೆರೆದು ಸಮುದ್ರಕ್ಕೋ ಗುಂಡಿಗೋ ಹಾಕಬಾರದೇಕೆ?
— ಕೃಷಿ ಡಿಪ್ಲೊಮಾ ವಿದ್ಯಾರ್ಥಿ, ಗುಬ್ಬಿ

ಹಾಕಬಹುದಿತ್ತು, ಯೋಚನೆಯೂ ನಡೆದಿತ್ತು. ತೊಡಕೇನೆಂದರೆ, ಸೀಸಿಯಂ ಹೆಚ್ಚಾಗಿರುವುದು ಮೇಲಿನ ಒಂದು-ಒಂದೂವರೆ ಅಡಿಯಲ್ಲಿ, ಆ ದ್ವೀಪದ ಫಲವತ್ತತೆಯೆಲ್ಲ ಇರುವುದೂ ಅಲ್ಲಿಯೇ. ಅದನ್ನು ಕೆರೆದರೆ ಉಳಿಯುವುದು ಹುಲ್ಲೂ ಸರಿಯಾಗಿ ಹುಟ್ಟದ ಬಿಳಿಯ ಹವಳದ ಮರಳು. ಕಪ್ಪು ಪದರ ಮತ್ತೆ ಕೂಡಲು ತಲೆಮಾರುಗಳೇ ಹಿಡಿಯುತ್ತವೆ.

ಬದಲಿಗೆ ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದವರು ಬಿಕಿನಿಯ ತೋಟದಲ್ಲಿಯೇ ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡ ಉಪಾಯ ನಿಮ್ಮ ಪಠ್ಯದಲ್ಲಿಯೂ ಇರುವಂಥದ್ದು: ಮರದ ಬುಡಕ್ಕೆ ಪೊಟ್ಯಾಷಿಯಂ ಕ್ಲೋರೈಡ್, ಅಂದರೆ ನಾವು ಮ್ಯುರಿಯೇಟ್ ಆಫ್ ಪೊಟ್ಯಾಷ್ ಎಂದು ಮೂಟೆಯಲ್ಲಿ ಕೊಳ್ಳುವ ಗೊಬ್ಬರವನ್ನೇ, ಹಾಕುವುದು. ಹೀಗೆ ಮಾಡಿದ ಮರಗಳ ಕಾಯಿಗಳಲ್ಲಿ ಸೀಸಿಯಂ ಮೊದಲಿದ್ದುದರ ಹತ್ತರಲ್ಲಿ ಒಂದು ಪಾಲಿಗೆ, ಕೆಲವೆಡೆ ಅದಕ್ಕೂ ಕೆಳಕ್ಕೆ, ಇಳಿಯಿತು. ಫುಕುಶಿಮಾ ದುರಂತದ ನಂತರ ಜಪಾನಿನ ಭತ್ತದ ರೈತರು ಗದ್ದೆಗೆ ಹೆಚ್ಚುವರಿ ಪೊಟ್ಯಾಷ್ ಹಾಕಿದ್ದೂ ಇದೇ ಕಾರಣಕ್ಕೆ.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಜ್ಞರು 1998ರ ವರದಿಯಲ್ಲಿ, ಬಿಕಿನಿಯಲ್ಲಿ ನೆಲೆಸಿ ಅಲ್ಲಿ ಬೆಳೆದದ್ದನ್ನು ಮಾತ್ರ ಉಂಡರೆ ವರ್ಷಕ್ಕೆ ಸುಮಾರು 15 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆಮಾನ) ವಿಕಿರಣ ದೇಹಕ್ಕೆ ಸಿಗುತ್ತದೆಂದು ಲೆಕ್ಕ ಹಾಕಿ, ಪರಿಹಾರ ಕ್ರಮಗಳಿಲ್ಲದೆ ಶಾಶ್ವತವಾಗಿ ನೆಲೆಸುವುದು ತಕ್ಕದ್ದಲ್ಲವೆಂದರು. ನಾವೆಲ್ಲ ಪ್ರಕೃತಿಯಿಂದ ಪಡೆಯುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಮನೆಗಳ ಸುತ್ತಲಿನ ಮಣ್ಣನ್ನು ಮಾತ್ರ ತೆಗೆದು ತೋಟಗಳಿಗೆ ಪೊಟ್ಯಾಷ್ ಹಾಕುವ ಜೋಡಿಕ್ರಮ ಸಾಧ್ಯವೆಂದೂ ಆ ವರದಿ ಸೂಚಿಸಿತು. ಆದರೂ ಜನ ಮರಳಿ ನೆಲೆಸಲಿಲ್ಲ. ಒಮ್ಮೆ 'ಸುರಕ್ಷಿತ' ಎಂಬ ಮಾತನ್ನು ನಂಬಿ ಹೋಗಿ ಬಂದವರಿಗೆ ಎರಡನೆಯ ಸಲ ಗೊಬ್ಬರದ ಲೆಕ್ಕ ಹೇಳಿ ಒಪ್ಪಿಸುವುದು ಸುಲಭವಲ್ಲ.

ಸುತ್ತ ಉಪ್ಪು ಸಮುದ್ರವಿರುವ ಹವಳದ ದ್ವೀಪದಲ್ಲಿ ಸಿಹಿನೀರಿನ ಅಂತರ್ಜಲ ಇರಲು ಸಾಧ್ಯವೇ? ಇದ್ದರೆ ವಿಕಿರಣ ಅದಕ್ಕೂ ಇಳಿದಿದೆಯೇ? ರೂನಿಟ್ ದ್ವೀಪದ ಕಾಂಕ್ರೀಟ್ ಗುಮ್ಮಟ ಸೋರುತ್ತಿದೆ ಎಂಬ ಸುದ್ದಿ ನಿಜವೇ?
— ಪ್ರೌಢಶಾಲಾ ಶಿಕ್ಷಕಿ, ಪಾವಗಡ

ಸಾವಿರ ಅಡಿ ಕೊರೆದರೂ ನೀರು ಸಿಗದ ತಾಲ್ಲೂಕಿನಿಂದ ಈ ಪ್ರಶ್ನೆ ಬಂದಿರುವುದು ಸಹಜ. ಹವಳದ ದ್ವೀಪದಲ್ಲಿ ಅಂತರ್ಜಲವಿದೆ, ಅದೂ ಕೆಲವೇ ಅಡಿಗಳ ಆಳದಲ್ಲಿ. ಮಳೆಯ ಸಿಹಿನೀರು ಮರಳಿನೊಳಕ್ಕೆ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತ ನಿಲ್ಲುತ್ತದೆ; ದ್ವೀಪದ ನಡುವೆ ದಪ್ಪವಾಗಿ, ದಡದ ಕಡೆ ತೆಳುವಾಗುತ್ತ ಹೋಗುತ್ತದೆ. ಸಾಂದ್ರತೆಯ ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬೇಕು, ಆದರೆ ಉಬ್ಬರವಿಳಿತಗಳು ದಿನಕ್ಕೆರಡು ಸಲ ಎರಡನ್ನೂ ಕಲಕುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಕಡಿಮೆಯೇ ಇರುತ್ತದೆ. ಬರ ಬಂದರೆ, ಚಂಡಮಾರುತದಲ್ಲಿ ಅಲೆ ದ್ವೀಪದ ಮೇಲೆ ಹಾಯ್ದರೆ, ಬಾವಿ ಉಪ್ಪಾಗುತ್ತದೆ. ಅದಕ್ಕಾಗಿಯೇ ಆ ಜನ ಕುಡಿಯಲು ಚಾವಣಿಯ ಮಳೆನೀರನ್ನೂ ಎಳನೀರನ್ನೂ ಹೆಚ್ಚಾಗಿ ನೆಚ್ಚಿಕೊಂಡಿರುವುದು.

ವಿಕಿರಣ ಅಂತರ್ಜಲಕ್ಕೆ ಇಳಿದಿದೆ. ಜೇಡಿಯಿಲ್ಲದ ನೆಲದಲ್ಲಿ ಸೀಸಿಯಂ ಅನ್ನು ಹಿಡಿದಿಡುವವರಿಲ್ಲ. ಮಳೆ ಮರದ ಸೀಸಿಯಂ ಹೊರೆಯನ್ನು ಹಗುರಗೊಳಿಸುತ್ತದೆಂದು ಮೇಲೆ ಹೇಳಿದೆವಲ್ಲ, ಹಾಗೆ ತೊಳೆದುಹೋದದ್ದು ಹಾಯುವ ದಾರಿ ಈ ಅಂತರ್ಜಲವೇ. 1970ರ ದಶಕದಲ್ಲಿ ಬಿಕಿನಿಯ ಕೆಲವು ಬಾವಿಗಳ ನೀರನ್ನು ಕುಡಿಯಬಾರದೆಂದು ಹೇಳಬೇಕಾಗಿ ಬಂದಿತ್ತು. ಹಾಗಿದ್ದರೂ ದೇಹಕ್ಕೆ ಸೇರುವ ಸೀಸಿಯಂನ ದೊಡ್ಡ ಪಾಲು ನೀರಿನಿಂದಲ್ಲ, ಆಹಾರದಿಂದ ಎಂಬುದನ್ನು ಮರೆಯಬಾರದು. ಅಣುಬಾಂಬಿನ ಇಂಧನವಾದ ಪ್ಲುಟೋನಿಯಂ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಬೇರಿಗೂ ಹೆಚ್ಚಾಗಿ ಹತ್ತುವುದಿಲ್ಲ, ಆದರೆ ಧೂಳಾಗಿ ಉಸಿರಿನೊಡನೆ ಒಳಸೇರಿದರೆ ಅಪಾಯ, ಮತ್ತು ಅರ್ಧಕ್ಕಿಳಿಯಲು 24,000 ವರ್ಷಗಳಿಗೂ ಹೆಚ್ಚು ಕಾಲ ಬೇಕು.

ರೂನಿಟ್ ದ್ವೀಪ ಎನೆವೆಟಾಕ್ ಹವಳವಲಯಕ್ಕೆ, ಅಂದರೆ ಒಳಗಡಲೊಂದನ್ನು ಉಂಗುರದಂತೆ ಸುತ್ತುವರಿದ ಹವಳದ ದ್ವೀಪಗಳ ಸಾಲಿಗೆ, ಸೇರಿದ್ದು. ಅಲ್ಲಿ 1958ರ ಮೇ 5ರಂದು 'ಕ್ಯಾಕ್ಟಸ್' ಎಂಬ 18 ಕಿಲೋಟನ್ ಬಾಂಬು ತೋಡಿದ ಗುಂಡಿಯೊಂದಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ 'ಕ್ವಿನ್ಸ್' ಎಂಬ ಇನ್ನೊಂದು ಬಾಂಬು ಅಣುಸ್ಫೋಟವಾಗದೆ ವಿಫಲವಾಗಿ, ಉರಿಯದ ಪ್ಲುಟೋನಿಯಂ ಎಲ್ಲ ಆ ನೆಲದ ಮೇಲೆ ಚೆಲ್ಲಿತು. 1977ರಿಂದ 1980ರವರೆಗೆ ಸುಮಾರು 4,000 ಅಮೆರಿಕನ್ ಸೈನಿಕರು ಸುತ್ತಲಿನ ದ್ವೀಪಗಳ ಮಲಿನ ಮಣ್ಣನ್ನು ತಂದು, ಸಿಮೆಂಟಿನೊಡನೆ ಕಲಸಿ ಕ್ಯಾಕ್ಟಸ್ ಗುಂಡಿಗೆ ತುಂಬಿ, ಮೇಲೆ 358 ಹಲಗೆಗಳನ್ನು ಜೋಡಿಸಿದಂಥ, ಸುಮಾರು ಒಂದೂವರೆ ಅಡಿ ದಪ್ಪದ ಕಾಂಕ್ರೀಟ್ ಮುಚ್ಚಳ ಹಾಕಿದರು. ಗುಂಡಿಯ ತಳಕ್ಕೆ ಮಾತ್ರ ಯಾವ ಹೊದಿಕೆಯನ್ನೂ ಹಾಸಲಿಲ್ಲ. ಒಡೆದ ಹವಳದ ಬಂಡೆಯ ಮೂಲಕ ಉಬ್ಬರದ ನೀರು ಒಳಬಂದು ಇಳಿತದಲ್ಲಿ ಹೊರಹೋಗುತ್ತಲೇ ಇರುವುದರಿಂದ, 'ಸೋರುತ್ತಿದೆಯೇ' ಎಂಬ ಪ್ರಶ್ನೆಗೆ 'ಅದನ್ನು ಕಟ್ಟಿದ್ದೇ ನೀರು ಬಿಗಿಯಾಗಿ ಅಲ್ಲ' ಎಂಬುದು ಪ್ರಾಮಾಣಿಕ ಉತ್ತರ. ಗುಮ್ಮಟ ತಕ್ಷಣ ಕುಸಿಯುವ ಸ್ಥಿತಿಯಲ್ಲಿಲ್ಲವೆಂದು ಅಮೆರಿಕದ ಇಂಧನ ಇಲಾಖೆ 2020ರಲ್ಲಿ ಹೇಳಿದೆ. ಪತ್ರಿಕೆಗಳ ಗುಮ್ಮಟದ ಚಿತ್ರಗಳಲ್ಲಿ ಕಾಣದ ಸಂಗತಿಯೆಂದರೆ, ಒಳಗೆ ಮುಚ್ಚಿಟ್ಟದ್ದಕ್ಕಿಂತ ಬಹಳ ಹೆಚ್ಚು ಪ್ಲುಟೋನಿಯಂ ಪಕ್ಕದ ಒಳಗಡಲಿನ ತಳದ ಹೂಳಿನಲ್ಲಿ ಬಯಲಾಗಿಯೇ ಬಿದ್ದಿದೆ.

ನಮ್ಮ ಊರಿನ ಭೂಕಂಪನ ಕೇಂದ್ರದಲ್ಲಿ ಈ ದ್ವೀಪಗಳ ಸ್ಫೋಟಗಳು ದಾಖಲಾಗಿದ್ದವೇ?
— ಪದವಿ ವಿದ್ಯಾರ್ಥಿ, ಗೌರಿಬಿದನೂರು

ಇಲ್ಲ. ಬಿಕಿನಿ, ಎನೆವೆಟಾಕ್‌ಗಳಲ್ಲಿ ಪರೀಕ್ಷೆ ಮುಗಿದದ್ದು 1958ರಲ್ಲಿ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಗೌರಿಬಿದನೂರು ಕೇಂದ್ರ ಆರಂಭವಾದದ್ದು 1965ರಲ್ಲಿ. ಅದರ ಉದ್ದೇಶವೇ ಭೂಗತ ಅಣುಸ್ಫೋಟಗಳನ್ನು ಗುರುತಿಸುವುದು. ಗಾಳಿಯಲ್ಲಿ, ನೀರಿನಲ್ಲಿ ಪರೀಕ್ಷಿಸಬಾರದೆಂಬ 1963ರ ಒಪ್ಪಂದದ ನಂತರ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ನೆಲದೊಳಕ್ಕೆ ಇಳಿದಿದ್ದವು. ಗಟ್ಟಿ ಬಂಡೆಯ, ಸದ್ದಿಲ್ಲದ ನೆಲ ಸಿಕ್ಕಿದ್ದರಿಂದ ಗೌರಿಬಿದನೂರಿನ ಸುತ್ತ ಎಲ್ ಅಕ್ಷರದ ಆಕಾರದಲ್ಲಿ ಕಂಪನ ಮಾಪಕಗಳನ್ನು ಹರಡಲಾಯಿತು. ಸ್ಫೋಟವು ಸುತ್ತಲಿನ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪ ಕೆಲವು ದಿಕ್ಕಿಗೆ ತಳ್ಳಿ ಕೆಲವು ದಿಕ್ಕಿನಲ್ಲಿ ಎಳೆಯುತ್ತದೆ, ಮೇಲ್ಮೈ ಅಲೆಗಳನ್ನೂ ಹೆಚ್ಚಾಗಿ ಎಬ್ಬಿಸುತ್ತದೆ. ಇವೆರಡನ್ನು ಬೇರೆ ಮಾಡುವುದು ಈ ವ್ಯತ್ಯಾಸಗಳಿಂದ.

ದ್ವೀಪಗಳಲ್ಲಿ ಭೂಗತ ಪರೀಕ್ಷೆಗಳೂ ನಡೆದಿವೆ. ಅಲಾಸ್ಕದ ಅಮ್‌ಚಿಟ್ಕಾ ದ್ವೀಪದಲ್ಲಿ 1971ರಲ್ಲಿ ಅಮೆರಿಕ ಸುಮಾರು 5 ಮೆಗಾಟನ್ ಬಾಂಬನ್ನು ನೆಲದಾಳದಲ್ಲಿ ಸಿಡಿಸಿತು. ಫ್ರಾನ್ಸ್ 1966ರಿಂದ 1996ರವರೆಗೆ ಪಾಲಿನೇಷ್ಯದ ಮೊರುರೋವಾ ಮತ್ತು ಫಂಗಟೌಫಾಗಳಲ್ಲಿ 193 ಪರೀಕ್ಷೆ ನಡೆಸಿದ್ದು, 1975ರಿಂದ ಎಲ್ಲವನ್ನೂ ನೆಲದಾಳದಲ್ಲಿ, ಹೆಚ್ಚಿನವನ್ನು ಹವಳದ ಕೆಳಗಿನ ಜ್ವಾಲಾಮುಖಿ ಶಿಲೆಯಲ್ಲಿ, ಮಾಡಿತು. ಅಲ್ಲಿ ಕರಗಿದ ಶಿಲೆ ಗಾಜಿನಂತೆ ಗಟ್ಟಿಯಾಗಿ ಹೆಚ್ಚಿನ ಪ್ಲುಟೋನಿಯಂ ಅನ್ನು ಹಿಡಿದಿಟ್ಟಿದೆಯಾದರೂ, ನೀರಿನ ಭಾಗವೇ ಆಗಿಬಿಡುವ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಮಾತ್ರ ಅಂತರ್ಜಲದೊಡನೆ ಮೇಲೇರಿ ಒಳಗಡಲಿಗೆ ಸೇರಿದೆ. ಕಂಪನ ಮಾಪಕದ ಗೆರೆಯಿಂದ ಸ್ಫೋಟದ ಸ್ಥಳ, ಸಮಯ, ಬಲ ತಿಳಿಯುತ್ತವೆ. ಆಮೇಲೆ ನೀರು ಯಾವ ಬಿರುಕಿನಲ್ಲಿ ಹರಿಯಿತೆಂಬುದಕ್ಕೆ ಸ್ಥಳದಲ್ಲಿಯೇ ಕೊರೆದು ನೋಡಬೇಕು.

ಮಾರ್ಷಲ್ ದ್ವೀಪಗಳು ಭಾರತದ ಮೇಲೆಯೇ ಮೊಕದ್ದಮೆ ಹೂಡಿದ್ದವಂತೆ. ಬಾಂಬು ಹಾಕಿದ್ದು ಅಮೆರಿಕವಲ್ಲವೇ?
— ಕಾನೂನು ವಿದ್ಯಾರ್ಥಿನಿ, ಕೋಲಾರ

ಹೂಡಿದ್ದು ನಿಜ. ಅದು ಪರಿಹಾರ ಕೇಳಿದ ದಾವೆಯಲ್ಲ. ಅಣ್ವಸ್ತ್ರ ನಿಶ್ಶಸ್ತ್ರೀಕರಣದ ಮಾತುಕತೆ ನಡೆಸುವ ಹೊಣೆಯನ್ನು ನಿರ್ವಹಿಸಿಲ್ಲವೆಂದು 2014ರಲ್ಲಿ ಒಂಬತ್ತು ಅಣ್ವಸ್ತ್ರ ದೇಶಗಳ ವಿರುದ್ಧವೂ ಮಾರ್ಷಲ್ ದ್ವೀಪಗಳ ಸರ್ಕಾರ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯದ ಕಡ್ಡಾಯ ಅಧಿಕಾರವ್ಯಾಪ್ತಿಯನ್ನು ಒಪ್ಪಿದ್ದ ಭಾರತ, ಪಾಕಿಸ್ತಾನ ಮತ್ತು ಬ್ರಿಟನ್ ವಿರುದ್ಧದ ಪ್ರಕರಣಗಳು ಮಾತ್ರ ಮುಂದುವರಿದವು. 2016ರ ಅಕ್ಟೋಬರ್ 5ರಂದು, ದಾವೆ ಹೂಡುವಾಗ ಪಕ್ಷಗಳ ನಡುವೆ ವಿವಾದವೇ ಇರಲಿಲ್ಲವೆಂಬ ಕಾರಣಕ್ಕೆ ಅವನ್ನು ಕೈಬಿಡಲಾಯಿತು. ಭಾರತದ ಪ್ರಕರಣದಲ್ಲಿ ಮತ 9–7. ಅಮೆರಿಕದೊಂದಿಗಿನ ಪರಿಹಾರದ ಲೆಕ್ಕ ಬೇರೆ. 1986ರ ಒಪ್ಪಂದದಂತೆ 15 ಕೋಟಿ ಡಾಲರ್ ನಿಧಿ ಸ್ಥಾಪನೆಯಾಯಿತು. ಅನಂತರ ಬಂದ ಪರಿಹಾರ ನ್ಯಾಯಮಂಡಳಿ ಘೋಷಿಸಿದ ಮೊತ್ತ 200 ಕೋಟಿ ಡಾಲರ್ ದಾಟಿತು, ನಿಧಿ ಬರಿದಾಯಿತು, ಹೆಚ್ಚಿನ ಪಾಲು ಪಾವತಿಯಾಗಲೇ ಇಲ್ಲ.

ನಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಯುರೇನಿಯಂ ಇದೆಯೆಂದು ಕೇಳಿ ಮನೆಯಲ್ಲಿ ಎಲ್ಲರಿಗೂ ಭಯವಾಗಿದೆ. ಇದೂ ಅಣುಪರೀಕ್ಷೆಯ ಬೂದಿಯೇ? ಕಾಯಿಸಿ ಆರಿಸಿದರೆ ಹೋಗುತ್ತದೆಯೇ?
— ಗೃಹಿಣಿಯೊಬ್ಬರು, ಬಾಗೇಪಲ್ಲಿ

ಅಣುಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ. ಆ ಕಾಲದ ಸೀಸಿಯಂ ಗಾಳಿಯಲ್ಲಿ ಜಗತ್ತನ್ನೆಲ್ಲ ಸುತ್ತಿ ಅಲ್ಪಪ್ರಮಾಣದಲ್ಲಿ ಎಲ್ಲೆಡೆ ಇಳಿದಿದೆ, ಆದರೆ ಜೇಡಿಯಿರುವ ನೆಲದಲ್ಲಿ ಅದು ಮೇಲಿನ ಕೆಲವು ಅಂಗುಲಗಳಲ್ಲಿಯೇ ಅಂಟಿಕೊಂಡಿರುತ್ತದೆ. ಮಣ್ಣು ಎಷ್ಟು ಕೊಚ್ಚಿಹೋಗಿದೆ, ಕೆರೆಗೆ ಎಷ್ಟು ಹೂಳು ಬಂದಿದೆ ಎಂದು ಅಳೆಯಲು ವಿಜ್ಞಾನಿಗಳು ಅದನ್ನೇ ಗುರುತಾಗಿ ಬಳಸುತ್ತಾರೆ. ನಿಮ್ಮ ನೀರಿನಲ್ಲಿರುವ ಯುರೇನಿಯಂ ಗ್ರಾನೈಟ್ ಬಂಡೆಯೊಳಗೆ ಹುಟ್ಟಿನಿಂದಲೇ ಇರುವಂಥದ್ದು. ತೆರೆದ ಬಾವಿಗಳು ಬತ್ತಿ, ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲದಿಂದ ನಿಂತಿದ್ದ ನೀರನ್ನು ಸಾವಿರ ಅಡಿ ಕೊರೆದು ಎತ್ತಲಾರಂಭಿಸಿದ ಮೇಲೆ ಅದು ನಮ್ಮ ಕೊಡಕ್ಕೆ ಬಂದಿತು. ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಯುರೇನಿಯಂ ಸುಲಭವಾಗಿ ಕರಗಿ ನಿಲ್ಲುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಮಿತಿ ಮೀರಿದ ಪ್ರಮಾಣ ಕಂಡುಬಂದಿರುವುದು ನಿಜ. ಮಿತಿಯೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೀಟರಿಗೆ 30 ಮೈಕ್ರೊಗ್ರಾಂ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹೇಳಿದ್ದು 60.

ಭಯಪಡುವ ರೀತಿಯೂ ಬೇರೆ ಇರಬೇಕು. ನೈಸರ್ಗಿಕ ಯುರೇನಿಯಂನ ಬಹುಪಾಲಾದ ಯುರೇನಿಯಂ-238 ಅರ್ಧವಾಗಲು ಸುಮಾರು 450 ಕೋಟಿ ವರ್ಷ ಹಿಡಿಯುವಷ್ಟು ನಿಧಾನದ್ದಾದ್ದರಿಂದ ಅದರ ವಿಕಿರಣ ದುರ್ಬಲ. ಮುಖ್ಯ ಚಿಂತೆ, ಸೀಸದಂಥ ಭಾರಲೋಹಗಳಂತೆ ಅದೂ ಕಾಲಕ್ರಮದಲ್ಲಿ ಮೂತ್ರಪಿಂಡಕ್ಕೆ ಮಾಡಬಹುದಾದ ರಾಸಾಯನಿಕ ಹಾನಿ. ನಿಮ್ಮ ಕಡೆಯಲ್ಲಿ ಇದಕ್ಕಿಂತ ಹಳೆಯ ಶತ್ರುವಾದ ಫ್ಲೋರೈಡ್ ಅನ್ನೂ ಜೊತೆಗೇ ನೋಡಬೇಕು. ನೀರು ಪರೀಕ್ಷೆಗೆ ಕೊಡುವಾಗ ಯುರೇನಿಯಂ ಬಗ್ಗೆ ಪ್ರತ್ಯೇಕವಾಗಿ ಕೇಳಿ, ಏಕೆಂದರೆ ಗಡಸುತನ, ಫ್ಲೋರೈಡ್, ಟಿಡಿಎಸ್‌ಗಳ ಮಾಮೂಲಿ ಪರೀಕ್ಷೆಯಲ್ಲಿ ಅದು ತಿಳಿಯುವುದಿಲ್ಲ.

ಕಾಯಿಸಿದರೆ ರೋಗಾಣು ಸಾಯುತ್ತವೆ, ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಸ್ವಲ್ಪ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿರುವ ಆರ್‌ಒ ಯಂತ್ರ ಯುರೇನಿಯಂ ಮತ್ತು ಫ್ಲೋರೈಡ್ ಎರಡನ್ನೂ ಬಹುಮಟ್ಟಿಗೆ ತೆಗೆಯುತ್ತದೆ, ಆದರೆ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದಾರೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸುತ್ತಿರಿ. ಅಡುಗೆಗೂ ಅದೇ ನೀರನ್ನು ಬಳಸುವುದು ಒಳ್ಳೆಯದು. ಸ್ನಾನಕ್ಕೆ, ಬಟ್ಟೆ ಒಗೆಯಲು ಕೊಳವೆಬಾವಿ ನೀರು ಸಾಕು. ಇನ್ನೊಂದು ಮಾತು: ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ತೆಗೆದ ಯುರೇನಿಯಂ, ಫ್ಲೋರೈಡ್ ಎಲ್ಲ ಸಾಂದ್ರವಾಗಿರುವುದರಿಂದ, ಅದನ್ನು ದನಗಳ ತೊಟ್ಟಿಗೆ ಬಿಡಬಾರದು, ಕೊಳವೆಬಾವಿಯ ಪಕ್ಕದ ಇಂಗುಗುಂಡಿಗಂತೂ ಬಿಡಲೇಬಾರದು.